ಮಾಡೆಲ್ ಟಿ ಮುಂದಿನ ಸ್ಪ್ರಿಂಗ್ ಸದ್ದು: ಮೊದಲು ಸೆಂಟರ್ ಬೋಲ್ಟ್ ನೋಡಿ ಸರ್

ಸರ್, ನಿಮ್ಮ 1924ರ ಫೋರ್ಡ್ ಮಾಡೆಲ್ ಟಿ ಹಳ್ಳ ಸಿಕ್ಕಿದಾಗೆಲ್ಲ ಕಿರ್ ಅನ್ನುತ್ತೆ, ಸ್ಟೀರಿಂಗ್ ತಿರುಗಿಸಿದ್ರೆ ಬಾಡಿ ಮೊದಲು ಪಕ್ಕಕ್ಕೆ ಜರುಗುತ್ತೆ, ಹೊಸ ಸ್ಪ್ರಿಂಗ್ ಹಾಕ್ಬೇಕಾ ಅಂತ ಕೇಳಿದೀರ. ದಯವಿಟ್ಟು ಈಗ್ಲೇ ತಗೋಬೇಡಿ, ಇವು ಎರಡು ಬೇರೆ ಬೇರೆ ತೊಂದ್ರೆ.

ಈ ಗಾಡಿಗೆ ಈಗಿನ ಜೀಪ್ ಥರ ಚಕ್ರಕ್ಕೊಂದು ಸ್ಪ್ರಿಂಗ್ ಇಲ್ಲ, ಮುಂದೆ ಅಡ್ಡಕ್ಕೆ ಒಂದೇ, ಹಿಂದೆ ಒಂದೇ, ಚಾಸಿಸ್‌ನ ಅಡ್ಡಪಟ್ಟಿಗೆ ಮಧ್ಯದಲ್ಲಿ ಕ್ಲಿಪ್ ಹಾಕಿ ಬಿಗಿದಿರ್ತಾರೆ. ಸ್ಪ್ರಿಂಗ್ ಅಂದ್ರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಾಗಳು, ಅವುಗಳ ನಡುವೆ ತೂತಲ್ಲಿ ಹಾದು ಹಿಡಿದಿಡೋದೇ ಸೆಂಟರ್ ಬೋಲ್ಟ್. ಆ ಕ್ಲಿಪ್ ನಟ್ ಸಡಿಲ ಆದ್ರೆ ಪಟ್ಟಾಗಳು ಅಲ್ಲೇ ಆಡಿ ಆಡಿ ಸೆಂಟರ್ ಬೋಲ್ಟ್ ಕತ್ತರಿಸಿ ಹೋಗುತ್ತೆ, ಇಲ್ಲಾಂದ್ರೆ ಬೋಲ್ಟ್ ತೂತಿನ ಹತ್ರನೇ ಪಟ್ಟಾ ಸೀಳುತ್ತೆ. ಜರುಗೋದು ಬಹುಶಃ ಇದ್ರಿಂದ. ಶ್ಯಾಕಲ್ (ಸ್ಪ್ರಿಂಗ್ ತುದಿಯನ್ನ ಆಕ್ಸಲ್‌ಗೆ ಸೇರಿಸೋ ಕೊಂಡಿ) ಒಳಗಿನ ಬುಷ್, ಅಂದ್ರೆ ಲೋಹದ ಉಂಗುರ, ಸವೆದಿದ್ರೂ ಹಾಗೇ ಆಗುತ್ತೆ, ಒಬ್ರು ಸ್ಟೀರಿಂಗ್ ಅಲ್ಲಾಡಿಸ್ಲಿ, ನೀವು ಶ್ಯಾಕಲ್ ಮೇಲೆ ಬೆರಳಿಟ್ಟು ನೋಡಿ, ಸಡಿಲ ಇದ್ರೆ ಗೊತ್ತಾಗುತ್ತೆ.

ಸದ್ದಿಗೆ ಕಾರಣ ಪಟ್ಟಾಗಳ ಮಧ್ಯದ ತುಕ್ಕು. ಸ್ಪ್ರಿಂಗ್ ಇಳಿಸಿ, ಸೆಂಟರ್ ಬೋಲ್ಟ್ ಬಿಚ್ಚೋ ಮೊದಲು ಅದರ ಎರಡೂ ಕಡೆ ಸಿ ಕ್ಲ್ಯಾಂಪ್ (ತಿರುಪು ಬಿಗಿದು ಪಟ್ಟಾಗಳನ್ನ ಒತ್ತಿ ಹಿಡಿಯೋ ಸಾಧನ) ಹಾಕ್ಲೇಬೇಕು ಸರ್, ಇಲ್ಲಾಂದ್ರೆ ಪಟ್ಟಾ ಚಿಮ್ಮಿ ಮುಖಕ್ಕೆ ಬರುತ್ತೆ, ಇದನ್ನ ಮಾತ್ರ ಮರೀಬೇಡಿ. ಚಿಕ್ಕ ಪಟ್ಟಾ ತುದಿ ಕೆಳಗಿನದನ್ನ ಉಗುರಲ್ಲಿ ಕೆರೆದಂಗೆ ಕೊರೆದಿರುತ್ತೆ, ಆ ತುದಿಗಳ ಅಂಚು ಉಜ್ಜಿ ನುಣ್ಣಗೆ ಮಾಡಿ, ತುಕ್ಕು ತೆಗೆದು, ಗ್ರಾಫೈಟ್ ಗ್ರೀಸ್ ಸವರಿ ಜೋಡಿಸಿ. ಬಿರುಕು ಇರೋ ಪಟ್ಟಾಗೆ ವೆಲ್ಡಿಂಗ್ ಬೇಡವೇ ಬೇಡ, ಅದು ಹದ ಮಾಡಿದ ಉಕ್ಕು, ಕಾಯಿಸಿದ ಜಾಗದಲ್ಲೇ ಮತ್ತೆ ಮುರಿಯುತ್ತೆ.

ಜೋಡಿಸಿ ಸ್ವಲ್ಪ ದೂರ ಓಡಿಸಿದ ಮೇಲೆ ಕ್ಲಿಪ್ ನಟ್ ಇನ್ನೊಂದ್ಸಲ ಬಿಗಿ ಮಾಡಿ. ಬೋಲ್ಟ್ ತೆಗೆದಾಗ ಫೋಟೋ ಹಾಕಿ, ನೋಡಿ ಹೇಳ್ತೀನಿ.