ಚಂದ್ರನ ಮೇಲೆ ತೆಗೆದ ಫೋಟೋಗಳಲ್ಲಿ ನಕ್ಷತ್ರಗಳೇಕಿಲ್ಲ? ಅವು ನಕಲಿಯೇ?

ನಕಲಿಯಲ್ಲ. ಅಪೊಲೊ ಯಾತ್ರಿಗಳು ಇಳಿದದ್ದು ಚಂದ್ರನ ಹಗಲಿನಲ್ಲಿ. ಬಿಸಿಲಿಗೆ ಹೊಳೆಯುವ ನೆಲಕ್ಕೂ ಬಿಳಿ ಉಡುಪಿಗೂ ಹೊಂದಿಸಿದ ಶಟರ್ ಸಾಮಾನ್ಯವಾಗಿ ತೆರೆಯುತ್ತಿದ್ದುದು 1/250 ಸೆಕೆಂಡು; ನಕ್ಷತ್ರದ ಮಂದ ಬೆಳಕು ದಾಖಲಾಗಲು ಹಲವು ಸೆಕೆಂಡು ಬೇಕು. ಗಾಳಿಯಿಲ್ಲದ್ದರಿಂದ ಅಲ್ಲಿ ಹಗಲಲ್ಲೂ ಆಕಾಶ ಕಪ್ಪು. ಜನ ರಾತ್ರಿಯೆಂದು ಭ್ರಮಿಸುವುದು ಅದಕ್ಕೇ.

ಕಾಸರಗೋಡಿನವರು ಮಳೆಗಾಲ ಮುಗಿದ ಮೇಲೆ ಪೊಸಡಿಗುಂಪೆ ಬೆಟ್ಟದಲ್ಲಿ ಇದನ್ನು ತಾವೇ ಪರೀಕ್ಷಿಸಿ ನೋಡಬಹುದು. ಶುಕ್ಲ ಅಷ್ಟಮಿಯ ಆಸುಪಾಸು ಫೋನನ್ನು ಟ್ರೈಪಾಡಿಗಿಟ್ಟು, ಪ್ರೊ ಮೋಡ್‌ನಲ್ಲಿ ಐಎಸ್‌ಒ (ಬೆಳಕಿನ ಸಂವೇದನೆ) 100, ಶಟರ್ 1/1000 ಇಡಿ: ಅರ್ಧಚಂದ್ರ ಸ್ಪಷ್ಟ, ನಕ್ಷತ್ರ ಮಾತ್ರ ಕಾಣದು. ಐಎಸ್‌ಒ 800, ಶಟರ್ 10 ಸೆಕೆಂಡು ಮಾಡಿ: ನಕ್ಷತ್ರಗಳು ಮೂಡುತ್ತವೆ, ಚಂದ್ರ ಬರೀ ಬಿಳಿ ಉಂಡೆ. ನೈಟ್ ಮೋಡ್ ಬೇಡ. ಹಲವು ಫೋಟೋ ಬೆರೆಸಿ ಪರೀಕ್ಷೆಯನ್ನೇ ಕೆಡಿಸುತ್ತದೆ.