ಬೆಳಗ್ಗೆ ಎದ್ದ ಕೂಡಲೇ ಸಾಲು ಸೀನು, ಮೂಗಿನಲ್ಲಿ ನೀರು. ಮೆಡಿಕಲ್ ಅಂಗಡಿಯ ಅಲರ್ಜಿ ಮಾತ್ರೆ ತೆಗೆದುಕೊಳ್ಳಬಹುದೇ?

ವಯಸ್ಕರಾಗಿದ್ದು ಬೇರೆ ಕಾಯಿಲೆ ಇಲ್ಲದಿದ್ದರೆ ತೆಗೆದುಕೊಳ್ಳಬಹುದು. ಆದರೆ ಯಾವ ಮಾತ್ರೆ ಎಂಬುದು ಮುಖ್ಯ.

ಧೂಳು, ಪಾರ್ಥೇನಿಯಂ ಪರಾಗದಂಥವು ಮೂಗಿಗೆ ಹೊಕ್ಕಾಗ ದೇಹ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಬಿಡುತ್ತದೆ. ಸೀನು, ತುರಿಕೆ, ಕಣ್ಣೀರು ಬಹುಪಾಲು ಅದರ ಕೆಲಸ. ಮಾತ್ರೆ ಅದನ್ನು ತಡೆಯುತ್ತದೆ, ಅಲರ್ಜಿಯನ್ನು ಗುಣಪಡಿಸುವುದಿಲ್ಲ. ಕಟ್ಟಿದ ಮೂಗಿಗೂ ಇದರಿಂದ ಹೆಚ್ಚು ಪ್ರಯೋಜನವಿಲ್ಲ. ಅದಕ್ಕೆ ವೈದ್ಯರು ಬರೆದುಕೊಡುವ ಸ್ಟೀರಾಯ್ಡ್ ಸ್ಪ್ರೇ ಮೇಲು.

ಹಳೆಯ ಕಾಲದ ಅಲರ್ಜಿ ಔಷಧವಾದ ಕ್ಲೋರ್‌ಫೆನಿರಮಿನ್ ಚೆನ್ನಾಗಿ ನಿದ್ದೆ ಬರಿಸುತ್ತದೆ. ವಯಸ್ಸಾದವರಿಗೆ ಮಂಪರು, ಮೂತ್ರ ಕಟ್ಟುವುದು, ಬೀಳುವ ಅಪಾಯವೂ ಇರುವುದರಿಂದ ಅವರಿಗೆ ಅದು ಬೇಡವೇ ಬೇಡ. ಅನೇಕ ನೆಗಡಿ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಇದೇ ಸೇರಿರುತ್ತದೆ, ಮಾತ್ರೆ ಪಟ್ಟಿಯ ಹಿಂಬದಿ ಓದಿ. ಅದರ ಬದಲು ಸೆಟಿರಿಜಿನ್ 10 ಮಿಲಿಗ್ರಾಂ ಮಾತ್ರೆ, ದಿನಕ್ಕೆ ಒಂದು ಸಾಕು. ಕೆಲವರಿಗೆ ಇದರಲ್ಲೂ ತೂಕಡಿಕೆ ಬರುವುದರಿಂದ ರಾತ್ರಿ ನುಂಗುವುದು ಒಳ್ಳೆಯದು. ವಾಹನ ಓಡಿಸುವವರಿಗೆ ನನ್ನ ಆಯ್ಕೆ ಫೆಕ್ಸೋಫೆನಡಿನ್. ಅದನ್ನು ನೀರಿನಲ್ಲೇ ನುಂಗಿ: ಕಿತ್ತಳೆ, ಸೇಬಿನ ರಸದೊಂದಿಗೆ ತೆಗೆದುಕೊಂಡರೆ ಔಷಧ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಯಾವುದರ ಜೊತೆಗೂ ಮದ್ಯ ಬೇಡ.

ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಚಿಕ್ಕ ಮಕ್ಕಳಿಗೂ ಹಾಗೆಯೇ. ದೊಡ್ಡವರ ಮಾತ್ರೆಯನ್ನು ಮುರಿದು ಕೊಡಬೇಡಿ.

ತುಟಿ, ನಾಲಿಗೆ ಊದಿ ಉಸಿರು ಕಟ್ಟುತ್ತಿದ್ದರೆ ಮಾತ್ರೆ ಹುಡುಕುತ್ತಾ ಕೂರಬೇಡಿ. ಆಗ ಜೀವ ಉಳಿಸುವುದು ಅಡ್ರಿನಲಿನ್ ಚುಚ್ಚುಮದ್ದು; ತಕ್ಷಣ 108ಕ್ಕೆ ಕರೆ ಮಾಡಿ.