24 ವೋಲ್ಟ್‌ನಿಂದ 48 ವೋಲ್ಟ್, 1 ಕಿಲೋವಾಟ್: ಒಂದು ಇಂಡಕ್ಟರ್ ಸಾಕಾ, ಮಲ್ಟಿಫೇಸ್ ಬೇಕಾ?

ಗೋವಾದ ವಾಸ್ಕೋದಲ್ಲಿ ಬೋಟಿನ 24 ವೋಲ್ಟ್ ಬ್ಯಾಟರಿಯಿಂದ 48 ವೋಲ್ಟ್ ಮೋಟಾರ್ ಓಡಿಸಬೇಕು, ಅದಕ್ಕೆ ಬೂಸ್ಟ್ ಕನ್ವರ್ಟರ್‌ಗೆ (ವೋಲ್ಟೇಜ್ ಏರಿಸುವ ಸರ್ಕ್ಯೂಟ್) ಒಂದೇ ದೊಡ್ಡ ಇಂಡಕ್ಟರ್ (ಕೋರ್‌ಗೆ ಸುತ್ತಿದ ಸುರುಳಿ) ಹಾಕಿದರೆ ನಡೆಯುತ್ತಾ ಅಂತ ಕೇಳಿದ್ದೀರಿ. ನಡೆಯುತ್ತದೆ, ಆದರೆ ನಾನಾದರೆ ಹಾಕುವುದಿಲ್ಲ. ಎರಡು ಫೇಸ್ ಮಾಡಿ, ಅಂದರೆ ತನ್ನದೇ ಇಂಡಕ್ಟರ್, ಸ್ವಿಚ್ ಇರುವ ಎರಡು ದಾರಿ ಜೊತೆಜೊತೆಗೆ; ಮಲ್ಟಿಫೇಸ್ ಅಂದರೆ ಇದೇ. ನಾಲ್ಕು ಬೇಡ, ಸುಮ್ನೆ ತಲೆನೋವು.

95 ಪರ್ಸೆಂಟ್ ಎಫಿಶಿಯೆನ್ಸಿ ಹಿಡಿದರೆ ಬ್ಯಾಟರಿಯಿಂದ ಸುಮಾರು 44 ಆಂಪ್ ಬರುತ್ತದೆ. ಅಷ್ಟೂ 10 ಮಿಲಿಓಮ್‌ನ ಒಂದೇ ದಾರಿಯಲ್ಲಿ ಹರಿದರೆ 19 ವಾಟ್ ಬಿಸಿ. ಅಂಥದೇ ಎರಡು ದಾರಿಗೆ ಹಂಚಿದರೆ ಒಟ್ಟು 10 ವಾಟ್ ಕೂಡ ಇಲ್ಲ. ಅದಕ್ಕಿಂತ ಮಜಾ ಏನೆಂದರೆ, 24ರಿಂದ 48 ಅಂದರೆ ಡ್ಯೂಟಿ (ಪ್ರತಿ ಸುತ್ತಿನಲ್ಲಿ ಸ್ವಿಚ್ ಆನ್ ಇರುವ ಪಾಲು) ಸರಿಯಾಗಿ 50 ಪರ್ಸೆಂಟ್. ಎರಡು ಫೇಸ್‌ಗಳನ್ನು 180 ಡಿಗ್ರಿ ಅಂತರದಲ್ಲಿ ಓಡಿಸಿದರೆ ಒಂದರ ಕರೆಂಟ್ ಏರುವಾಗ ಇನ್ನೊಂದರದ್ದು ಅಷ್ಟೇ ಇಳಿಯುತ್ತದೆ, ಬ್ಯಾಟರಿಗೆ ರಿಪಲ್ (ಕರೆಂಟಿನ ಏರಿಳಿತ) ಕಾಣುವುದೇ ಇಲ್ಲ. ಬ್ಯಾಟರಿ 20 ವೋಲ್ಟ್‌ಗೆ ಇಳಿದಾಗ ಸ್ವಲ್ಪ ಉಳಿಯುತ್ತದೆ, ಆದರೂ ಒಂದು ಇಂಡಕ್ಟರ್‌ನ ರಿಪಲ್‌ನಲ್ಲಿ ಮೂರನೇ ಒಂದು ಪಾಲಿಗಿಂತ ಕಡಿಮೆ. ಔಟ್‌ಪುಟ್ ಕೆಪಾಸಿಟರ್‌ಗೂ ಇದೇ ಲಾಭ. ಸಿಂಗಲ್ ಫೇಸ್‌ನಲ್ಲಿ ಅದು 21 ಆಂಪ್ ಆರ್‌ಎಂಎಸ್ (ಬಿಸಿಯ ಲೆಕ್ಕಕ್ಕೆ ಹಿಡಿಯುವ ಮೌಲ್ಯ) ರಿಪಲ್ ತಡೆದುಕೊಳ್ಳಬೇಕು, ಪಾಪ.

ಸ್ವಿಚಿಂಗ್ 100 ಕಿಲೋಹರ್ಟ್ಸ್ ಆದರೆ ಫೇಸ್‌ಗೆ 18 ಮೈಕ್ರೋಹೆನ್ರಿ ಸಾಕು. 20 ವೋಲ್ಟ್‌ನಲ್ಲಿ ಪೀಕ್ 30 ಆಂಪ್ ಹತ್ತಿರ ಹೋಗುತ್ತದೆ, ಫೆರೈಟ್ ಕೋರ್ ಬಿಸಿಯಾದರೆ ಬೇಗ ಸ್ಯಾಚುರೇಟ್ ಆಗುತ್ತದೆ (ಇಂಡಕ್ಟನ್ಸ್ ಕುಸಿಯುತ್ತದೆ), ಹಾಗಾಗಿ 40 ಆಂಪ್‌ನದ್ದು ತಗೊಳ್ಳಿ. ಮಾಸ್‌ಫೆಟ್ (ಸ್ವಿಚ್) 100 ವೋಲ್ಟ್‌ನದ್ದು.

ನಿಜವಾದ ಕಷ್ಟ ಇರುವುದು ಕರೆಂಟ್ ಹಂಚಿಕೆಯಲ್ಲಿ. ನಾನು ಪುಣೆಯ ಭೋಸರಿಯಲ್ಲಿ ಕೆಲಸ ಮಾಡುವವನು. ಮೊದಲ ಬೋರ್ಡ್‌ಗೆ ಬುಧವಾರ ಪೇಠೆಯಿಂದ ಕೋರ್ ತಂದು ನಾನೇ ಸುತ್ತಿ, ಎರಡೂ ಫೇಸ್‌ಗೆ ಒಂದೇ ಡ್ಯೂಟಿ ಕೊಟ್ಟರೆ ಕರೆಂಟೂ ಸಮ ಬರುತ್ತದೆ ಅಂದುಕೊಂಡಿದ್ದೆ. ಚಹಾ ಕುಡಿದು ಬರುವಷ್ಟರಲ್ಲಿ ಒಂದು ಮಾಸ್‌ಫೆಟ್ ಢಮ್! ಆಮೇಲೆ ಕೂತು ಲೆಕ್ಕ ಹಾಕಿದೆ. ಡ್ಯೂಟಿಯಲ್ಲಿ ಅರ್ಧ ಪರ್ಸೆಂಟ್ ಆಚೀಚೆ ಆದರೆ 48 ವೋಲ್ಟ್‌ನಲ್ಲಿ ಅದು 0.24 ವೋಲ್ಟ್. 10 ಮಿಲಿಓಮ್ ದಾರಿಗೆ 24 ಆಂಪ್ ವ್ಯತ್ಯಾಸ! ಅಂದರೆ ಒಂದು ಫೇಸ್ 34 ಎಳೆಯುತ್ತದೆ, ಇನ್ನೊಂದು 10ರಲ್ಲಿ ಆರಾಮಾಗಿ ಕೂತಿರುತ್ತದೆ. ರೆಸಿಸ್ಟೆನ್ಸ್ ಕಡಿಮೆ ಮಾಡಿದಷ್ಟೂ ಈ ಕಾಟ ಜಾಸ್ತಿ.

ಅದಕ್ಕೇ ಪೀಕ್ ಕರೆಂಟ್ ಮೋಡ್ ಬೇಕು, ಅಂದರೆ ಕರೆಂಟ್ ನಿಗದಿ ಮಟ್ಟ ಮುಟ್ಟಿದ ಕೂಡಲೇ ಸ್ವಿಚ್ ಆಫ್. ಕರೆಂಟ್ ಅಳೆಯಲು ಪ್ರತಿ ಫೇಸ್‌ಗೂ ಬೇರೆ ಸೆನ್ಸ್ ರೆಸಿಸ್ಟರ್, ಔಟ್‌ಪುಟ್ ನೋಡಿ ಆ ಮಟ್ಟ ಹೇಳುವ ಎರರ್ ಆಂಪ್ಲಿಫೈಯರ್ ಎರಡಕ್ಕೂ ಒಂದೇ. ಬ್ಯಾಟರಿ ಇಳಿದಾಗ ಡ್ಯೂಟಿ 50 ಪರ್ಸೆಂಟ್ ದಾಟುವುದರಿಂದ ಸ್ಲೋಪ್ ಕಾಂಪೆನ್ಸೇಷನ್ (ಸೆನ್ಸ್ ಸಿಗ್ನಲ್‌ಗೆ ಸೇರಿಸುವ ಸಣ್ಣ ಏರು ರ್ಯಾಂಪ್) ಬಿಡಲೇಬೇಡಿ, ಇಲ್ಲದಿದ್ದರೆ ಒಂದು ಪಲ್ಸ್ ದಪ್ಪ ಒಂದು ಸಣ್ಣ ಆಗುತ್ತಾ ಹೋಗುತ್ತದೆ. ಔಟ್‌ಪುಟ್ ಸರಿಪಡಿಸುವ ಕಂಟ್ರೋಲ್ ಲೂಪನ್ನು ತುಂಬ ಚುರುಕು ಮಾಡಲೂ ಹೋಗಬೇಡಿ. ಬೂಸ್ಟ್‌ನಲ್ಲಿ ಡ್ಯೂಟಿ ಏರಿಸಿದ ಕೂಡಲೇ ಔಟ್‌ಪುಟ್ ಮೊದಲು ಇಳಿದು ಆಮೇಲೆ ಏರುತ್ತದೆ. 20 ವೋಲ್ಟ್, ಫುಲ್ ಲೋಡ್‌ನಲ್ಲಿ ಈ ಉಲ್ಟಾ ಸ್ವಭಾವದ ಗುರುತಾದ ರೈಟ್ ಹಾಫ್ ಪ್ಲೇನ್ ಜೀರೋ 7 ಕಿಲೋಹರ್ಟ್ಸ್ ಹತ್ತಿರ ಬರುತ್ತದೆ, ಕ್ರಾಸ್‌ಓವರ್ (ಲೂಪ್ ಎಷ್ಟು ವೇಗಕ್ಕೆ ಸ್ಪಂದಿಸಬೇಕು ಅನ್ನುವ ಮಿತಿ) 1.5 ಕಿಲೋಹರ್ಟ್ಸ್ ಒಳಗೇ ಇರಲಿ.

ಹಾಂ, ಬ್ಯಾಟರಿ ಕಡೆ ಫ್ಯೂಸ್ ಹಾಕಿ. ಔಟ್‌ಪುಟ್ ಶಾರ್ಟ್ ಆದರೆ ಮಾಸ್‌ಫೆಟ್ ಆಫ್ ಮಾಡಿದರೂ ಇಂಡಕ್ಟರ್, ಡಯೋಡ್ ದಾಟಿ ಕರೆಂಟ್ ನೇರವಾಗಿ ನುಗ್ಗುತ್ತದೆ, ಬೂಸ್ಟ್‌ಗೆ ಅದನ್ನು ತಡೆಯಲು ಆಗುವುದಿಲ್ಲ. ಬೋಟಿನ ಮೇಲೆ ಅಂತೀರಿ, ಉಪ್ಪು ಗಾಳಿ ಬೇರೆ, ಬೋರ್ಡಿಗೆ ಕೋಟಿಂಗ್ ಹೊಡೆದೇ ಕಳಿಸಿ.